ಕರ್ರೆನ್ನುವ ಚಪ್ಪಲಿ

"ಮಾವಾರ, ನಮ್ಮ ಮಾಲು ತಗೊಂಡ ಜರ್ಮನಿ ಅಕ್ಕಾರು ಕಾರ್ಡಿನವರ ಕಡೆ ದೂರು ಕೊಟ್ಟಾರ್ರಿ. ನಡದರ ಚಪ್ಪಲಿ ಸಪ್ಪಳ ಮಾಡತಾವಂತ, ಮಾಲು ಕೆಟ್ಟೈತಂತ," ಎಂದು ಸೊಸೆ ಸವಿತಾ ಮೊಬೈಲ್ ಹಿಡಿದು ಬಂದಳು. ಅಥಣಿಯ ನಮ್ಮ ಮನೆಯಲ್ಲಿ ಹೊಲಿದ ಚರ್ಮದ ಚಪ್ಪಲಿಗಳನ್ನು ಆಕೆ ಇಂಟರ್‌ನೆಟ್‌ನಲ್ಲಿ ಪರದೇಶಕ್ಕೆ ಮಾರುತ್ತಿದ್ದಳು. ಇನ್ನೊಂದು ದೂರು ನಿಜವೆಂದು ಕಂಡರೆ ಕಾರ್ಡಿನಿಂದ ಹಣ ಪಡೆಯುವ ಸೌಲಭ್ಯವನ್ನೇ ನಿಲ್ಲಿಸುತ್ತೇವೆಂದು ಹಿಂದಿನ ದೂರೊಂದರ ಸಮಯದಲ್ಲೇ ಕಾರ್ಡ್ ಕಂಪನಿ ಎಚ್ಚರಿಸಿತ್ತು.

"ಮಾರಿ ಕಾಣದವರ ಕಾರ್ಡ್ ನಂಬಿದ್ರ ಹಿಂಗ ಆಗೂದು. ಈ ಪರದೇಶದ ವ್ಯಾಪಾರ ಬಂದ್ ಮಾಡು," ಎಂದು ಕೆಲಸಗಾರರ ಎದುರೇ ಗದರಿದೆ.

"ಬಂದ್ ಮಾಡೂದಿಲ್ರಿ. ಸಪ್ಪಳ ಎಲ್ಲಿಂದ ಬಂತು, ಅದನ್ನ ಹೇಳ್ರಿ."

ತಪ್ಪು ನನ್ನದು. ಸಪ್ಪಳವಿಲ್ಲದ ಜೋಡು ಬೇಕೆಂದು ಸವಿತಾ ಮೊದಲೇ ಹೇಳಿದ್ದಳು. ಆದರೆ ನಮ್ಮ ಕಡೆ ಕರ್ರೆನ್ನದ ಚಪ್ಪಲಿಗೆ ಮರ್ಯಾದೆ ಇಲ್ಲ. ಆ ಜಂಬದಲ್ಲಿ ಅಟ್ಟೆಗಳ ನಡುವೆ ಸಪ್ಪಳ ಬರಲೆಂದು ಬೀಜ ಇಟ್ಟು ಹೊಲಿದಿದ್ದೆ. ಎಲ್ಲರೆದುರೇ ಅದನ್ನು ಒಪ್ಪಿಕೊಂಡೆ.

ಸವಿತಾ ಅಂಥದೇ ಒಂದು ಜೋಡು ತಂದು ನನ್ನ ಮುಂದಿಟ್ಟಳು. "ಹಂಗಾರ ಮೆಟ್ಟಕೊಂಡು ಅಂಗಳದಾಗ ಅಡ್ಡಾಡ್ರಿ. ಕೆಟ್ಟಿದ್ದಲ್ಲ, ಬೇಕಂತ ಮಾಡಿದ್ದು ಅಂತ ತೋರಸ್ತೀನಿ," ಎಂದಳು. ಕೆಲಸಗಾರರು ನಗುತ್ತಿದ್ದರೂ ನಾನು ಕರ್ರೆನಿಸುತ್ತ ಅಡ್ಡಾಡಿದೆ. ಸವಿತಾ ಅದನ್ನು ವಿಡಿಯೋ ಮಾಡಿ ಜರ್ಮನಿಗೆ ಕಳಿಸಿ, ಈ ಸಪ್ಪಳ ನಮ್ಮ ಕಡೆಯ ರೂಢಿ, ಬೇಡವಾದರೆ ಬೇರೆ ಜೋಡು ಕೊಡುತ್ತೇವೆಂದು ಬರೆದಳು. ಆ ಹೆಣ್ಣುಮಗಳು ದೂರು ಹಿಂತೆಗೆದುಕೊಂಡು, ಸಪ್ಪಳವಿಲ್ಲದ ಜೋಡನ್ನೇ ಕೇಳಿದಳು.

ಅದನ್ನು ನಾನೇ ಹೊಲಿದೆ. ಕಳಿಸುವ ಮುನ್ನ ಸೊಸೆಯ ಕೈಗಿಟ್ಟೆ. ಆಕೆ ಕಿವಿಯ ಹತ್ತಿರ ಹಿಡಿದು ಮಣಿಸಿ ನೋಡಿದಳು. ಈಗಲೂ ಆಕೆ ಹಾಗೆ ನೋಡಿ ಹೂಂ ಎಂದ ಮೇಲೆಯೇ ನಾನು ಡಬ್ಬಿ ಮುಚ್ಚುತ್ತೇನೆ.