ಕುರಿ ಕೂಡಿಸಿದ ಬೀಗತನ

ಸೀರೆಯಂಚಿಗೆ ಅಂಟಿದ ಉತ್ತರಾಣಿ ಕಾಳನ್ನು ಒಂದೊಂದಾಗಿ ಕೀಳುತ್ತ ಕೂರುವುದು ನನಗೆ ಧಾರಾವಾಹಿ ನೋಡುವುದಕ್ಕಿಂತ ಇಷ್ಟ. ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಹಡಿಯ ಮೇಲಿರುವವಳ ಸೀರೆಗೆ ಉತ್ತರಾಣಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕುರಿಗಳಿಂದ ಬಂತು.

ನಮ್ಮ ಕಟ್ಟಡದ ಹಿಂದೆ ಒಂದು ಕಲ್ಲುಗುಡ್ಡ ಉಳಿದಿದೆ. ಹೈದರಾಬಾದಿನಲ್ಲಿ ಗುಡ್ಡ ಉಳಿದಿದೆ ಎಂದರೆ ಅದರ ಮೇಲೆ ವ್ಯಾಜ್ಯ ನಡೆದಿದೆ ಎಂದೇ ಅರ್ಥ. ಮುಂದುಗಡೆ ಚಿಕ್ಕ ರಸ್ತೆಯಾಚೆ ಅಂಥದೇ ಇನ್ನೊಂದು. ನಡುವೆ ನಾವು, ನಮ್ಮ ಕಾರುಗಳು, ನೀರಿನ ಟ್ಯಾಂಕರುಗಳು. ಈ ಗುಡ್ಡದಿಂದ ಆ ಗುಡ್ಡಕ್ಕೆ ದಿನವೂ ಹೋಗಿಬರುವುದು ಸಾಯಮ್ಮನ ಕುರಿ, ಆಡುಗಳು ಮಾತ್ರ. ನಮ್ಮ ಅಪಾರ್ಟ್‌ಮೆಂಟಿಗೆ ಸೇರಿದ ಪಕ್ಕದ ಓಣಿಯೇ ಅವುಗಳ ದಾರಿ. ಸಾಯಮ್ಮ ನಾರಾಯಣಪೇಟದ ಕಡೆಯವಳು. ತೆಲುಗಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾಳೆ. ನಾನು ಯಾದಗಿರಿಯವಳೆಂದು ತಿಳಿದಂದಿನಿಂದ, ವಯಸ್ಸಿನಲ್ಲಿ ತಾನೇ ದೊಡ್ಡವಳಾದರೂ, ನನ್ನನ್ನು ಅಕ್ಕಾರ ಎನ್ನುತ್ತಾಳೆ.

ನಮ್ಮೂರಲ್ಲಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬಿಸುತ್ತಿದ್ದರು. ಹಿಂಡು ಅಲ್ಲಿ ಮಲಗಿ ಎದ್ದುಹೋದರೆ ಹೊಲಕ್ಕೆ ಗೊಬ್ಬರವಾಯಿತು. ಆ ರೂಢಿ ನೆನಪಾಗಿ ನಾನೂ ಓಣಿಯ ಹಿಕ್ಕೆ ಗುಡಿಸಿ ತಂದು ಬಾಲ್ಕನಿಯ ಕುಂಡಗಳಿಗೆ ಹಾಕಿದೆ.

"ನಿಮ್ಮಪ್ಪ ಹೊಲದಾಗ ಕುರಿ ತರಬಸ್ತಿದ್ರು, ನೀ ಕುಂಡದಾಗ ತರಬಸಾಕತ್ತೀ," ಎಂದರು ನಮ್ಮ ಮನೆಯವರು.

ನಾನು ಬಿತ್ತಿದ್ದು ಮೆಂತ್ಯ. ಅದರ ಸಂಗಡ ಎದ್ದುಬಂದದ್ದು ಜಾಲಿ, ಬೋರೆ, ಹೆಸರು ಗೊತ್ತಿಲ್ಲದ ನಾನಾ ಹುಲ್ಲು. ಹೊಲವಾಗಿದ್ದರೆ ಅಪ್ಪ ಕುಂಟೆ ಹೊಡೆಸುತ್ತಿದ್ದ. ಕುಂಡಕ್ಕೆ ಹೊಡೆಯುವ ಕುಂಟೆ ಎಲ್ಲಿ ಸಿಗುತ್ತದೆ? ಗೊಬ್ಬರ ತಂದೆನೆಂದುಕೊಂಡವಳು ಗುಡ್ಡವನ್ನೇ ಹೊತ್ತು ತಂದಿದ್ದೆ.

ಅಲ್ಲಿಂದ ಬಾಲ್ಕನಿಯಲ್ಲಿ ನಿಂತು ಹಿಂಡನ್ನು ನೋಡುವ ಚಟ ಹತ್ತಿತು. ಆಡು ಬೋರೆಹಣ್ಣನ್ನು ಮದುವೆಯೂಟದ ಮೊದಲ ಪಂಕ್ತಿಯವರ ಹಾಗೆ ಗಬಗಬ ನುಂಗುತ್ತದೆ. ಆಮೇಲೆ ಓಣಿಯ ಬೇವಿನ ನೆರಳಲ್ಲಿ ಮಲಗಿ, ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತ ಗಟ್ಟಿ ಬೀಜವನ್ನು ಪಕ್ಕಕ್ಕೆ ಉಗುಳುತ್ತದೆ. ಜಾಲಿಯ ಬೀಜದ್ದು ಒಳದಾರಿ. ಹೊಟ್ಟೆಯಲ್ಲಿ ನೆನೆದು, ಸಿಪ್ಪೆ ಮೆತ್ತಗಾಗಿ, ತವರಿನಿಂದ ಬುತ್ತಿ ಕಟ್ಟಿಸಿಕೊಂಡು ಹೊರಟ ಮಗಳ ಹಾಗೆ ಗೊಬ್ಬರ ಸಮೇತ ಹೊರಬೀಳುತ್ತದೆ. ಉತ್ತರಾಣಿಗೆ ಅಷ್ಟು ತಾಳ್ಮೆಯಿಲ್ಲ. ಟಿಕೆಟ್ಟು ಕೇಳದೆ ಉಣ್ಣೆಗೆ ಜೋತುಬೀಳುತ್ತದೆ. ಹೀಗೆ ಈ ಗುಡ್ಡದ ಬೀಜ ಆ ಗುಡ್ಡದಲ್ಲಿ ಹುಟ್ಟಿ, ಅಲ್ಲಿನ ಗಿಡಗಳೊಡನೆ ಹೂವಿನ ಸಂಬಂಧ ಬೆಳೆಸುತ್ತದೆ. ಹೊರಗಿನ ಸಂಬಂಧ ಬಾರದ ಮನೆತನ ಸೊರಗುವುದು ಗಿಡಗಳಲ್ಲೂ ಉಂಟಂತೆ. ಜಾತಕ ನೋಡದೆ, ಮಾತುಕತೆಗೆ ಕೂರದೆ, ಕುರಿಗಳು ಎರಡು ಗುಡ್ಡಗಳನ್ನು ಬೀಗರನ್ನಾಗಿ ಮಾಡಿಬಿಟ್ಟಿವೆ. ಎಳೆಯ ಮೊಳಕೆಯನ್ನು ಮೇಯುವ ಬಾಯಿಯೂ ಅದೇ, ನಿಜ. ಸಂಬಂಧ ಕೂಡಿಸಿದವರು ಊಟಕ್ಕೆ ಕೂರುವುದು ಎಲ್ಲ ಕಡೆಯೂ ಇದ್ದದ್ದೇ.

ಈ ಬೀಗತನಕ್ಕೆ ಕಳೆದ ಚಳಿಗಾಲದಲ್ಲಿ ಕುತ್ತು ಬಂತು. ಹಿಕ್ಕೆ ಕಾರಿನ ಚಕ್ರಕ್ಕೆ ಅಂಟುತ್ತದೆ, ಓಣಿಗೆ ಗೋಡೆ ಕಟ್ಟೋಣ ಎಂದು ನಮ್ಮ ಅಸೋಸಿಯೇಷನ್ನಿನಲ್ಲಿ ಮಾತು ಎದ್ದಿತು. ಸಾಯಮ್ಮನಿಗೆ ಹೇಳಿದೆ. ಅವಳು ಕೂಗಾಡಲಿಲ್ಲ.

"ಇದು ಮುಚ್ಚಿದರ ದೊಡ್ಡ ರೋಡ ಹಿಡಿದು ಸುತ್ತಿ ಹೋಗಬೇಕ್ರಿ ಅಕ್ಕಾರ. ಮರಿ ಕಾರಿನ ಕೆಳಗ ಹೋಗತಾವ. ಅದಕ್ಕಿಂತ ಹಿಂಡು ಮಾರಿ ಊರಿಗೆ ಹೋಗೋದ ಚಲೋ," ಎಂದು ಒಂದು ಮರಿಯ ಕಿವಿ ಸವರುತ್ತ ನಿಂತಳು.

ಸಭೆಗೆ ನಾನು ಬೋರೆಯ ಕುಂಡವನ್ನೇ ಎತ್ತಿಕೊಂಡು ಹೋದೆ. ಎಲ್ಲರೂ ನಕ್ಕರು, ಲಿಫ್ಟಿನಲ್ಲೇ ಒಬ್ಬರು ಇದು ಮಾರಾಟಕ್ಕೋ ಎಂದು ಕೇಳಿದ್ದರು. ನಮ್ಮ ಸೆಕ್ರೆಟರಿ ರೆಡ್ಡಿಯವರ ಮೊಮ್ಮಗಳಿಗೆ ಆ ಸಲದ್ದು ಮೊದಲ ಭೋಗಿ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಮಕ್ಕಳ ತಲೆಯ ಮೇಲೆ ಬೋರೆಹಣ್ಣು ಎರೆಯುವುದು ಅವರ ಪದ್ಧತಿ, ಮತ್ತು ಪ್ರತಿ ವರ್ಷ ನಮ್ಮ ಕಟ್ಟಡದವರೆಲ್ಲ ಹಣ್ಣು ಆರಿಸಿ ತರುವುದು ಹಿಂದಿನ ಗುಡ್ಡದಿಂದಲೇ. ನನ್ನ ಹರಕುಮುರುಕು ತೆಲುಗಿನಲ್ಲಿ ಅವರನ್ನು ಕೇಳಿದೆ: ಪಾಪುವಿನ ತಲೆಯ ಮೇಲೆ ಎರೆಯುವ ಹಣ್ಣಿನ ಗಿಡಗಳನ್ನು ಅಲ್ಲಿ ನೆಟ್ಟವರು ಯಾರು? ನೀವೋ, ನಾನೋ, ಸಾಯಮ್ಮನ ಆಡುಗಳೋ?

ರೆಡ್ಡಿಯವರು ಬೋರೆಯ ಎಲೆಯೊಂದನ್ನು ಮುಟ್ಟಿ ನೋಡಿದರು. ಆಮೇಲೆ ಗೋಡೆ ಬೇಡ, ಗೇಟು ಹಾಕೋಣ ಎಂದರು. ಹಿಂಡು ಬಂದಾಗ ತೆರೆದು, ಹೋದ ಮೇಲೆ ಗುಡಿಸಿ ಮುಚ್ಚಿದರಾಯಿತು. ತೆರೆಯುವವರು, ಗುಡಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಅಪಾರ್ಟ್‌ಮೆಂಟಿನಲ್ಲಿ ಮಾತಾಡಿದವರಿಗೇ ಕೆಲಸ ಅಂಟುತ್ತದೆ, ಥೇಟು ಉತ್ತರಾಣಿಯ ಹಾಗೆ.

ಈಗ ಕೀಲಿ ನನ್ನ ಸೆರಗಿನಲ್ಲಿದೆ. ಬೆಳಿಗ್ಗೆ ಗೇಟು ತೆರೆದು ನಿಲ್ಲುತ್ತೇನೆ; ಹಿಂಡು ಸೀರೆಗೆ ಒರಸಿಕೊಂಡು ದಾಟುತ್ತದೆ. ಸಾಯಮ್ಮ ಒಂದೊಂದರ ಬೆನ್ನು ಮುಟ್ಟಿ ಎಣಿಸುತ್ತ ಬಂದವಳು ಇವತ್ತು ಕೊನೆಗೆ ನನ್ನ ಬೆನ್ನನ್ನೂ ಮುಟ್ಟಿ, "ಎಲ್ಲಾ ಬಂದಾವ್ರಿ," ಎಂದು ನಕ್ಕು ಹೋದಳು.

ಮೇಲೆ ಬಂದು ಸೀರೆಯಂಚಿನ ಕಾಳುಗಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡೆ. ಅವನ್ನು ಹಿಡಿದೇ ಮೆಂತ್ಯಕ್ಕೆಂದು ಅಂಗಡಿಗೆ ಹೋಗುವಾಗ ರಸ್ತೆಯಾಚೆಯ ಗುಡ್ಡದ ಬುಡದಲ್ಲಿ ಅಂಗೈ ಕೊಡವಿದೆ. ಹೆಣ್ಣಿನ ಕಡೆಯವರ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಚೆನ್ನಾಗಿ ನಡೆಸಿಕೊಳ್ಳಬೇಕಾದದ್ದು ಮಳೆ.