ಒಬ್ಬಳನ್ನೂ ಬಿಟ್ಟು ಬಾರದವಳು

ಮಾರಂಡಹಳ್ಳಿಯಿಂದ ಒಳಕ್ಕಿರುವ ಊರುಗಳ ಹೆಣ್ಣುಮಕ್ಕಳು ಕಂಪೆನಿ ಕೆಲಸಕ್ಕೆ ಹೋಗತೊಡಗಿದ್ದು ತೊಂಬತ್ತೆರಡರ ಈಚೆಗೆ. ರಾಯಕೋಟೆ ದಾಟಿ ಹೊಸೂರಿನ ದಾರಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಕಾರ್ಖಾನೆಗೆ, ಕರೆಂಟು ಸ್ವಿಚ್ಚುಗಳ ಸಣ್ಣ ಬಿಡಿಭಾಗಗಳನ್ನು ಜೋಡಿಸುವ ಹುಡುಗಿಯರು ಬೇಕಾಗಿದ್ದರು. ಎಂಟನೆಯ ತರಗತಿಯವರೆಗೆ ಓದಿದ್ದರೆ ಸಾಕಿತ್ತು. ಬಸ್ಸನ್ನೂ ಅವರೇ ಕಳುಹಿಸುತ್ತಿದ್ದರು. ಆದರೆ ಮೊದಮೊದಲು ಆ ಬಸ್ಸು ದೊಡ್ಡ ರಸ್ತೆಯಲ್ಲಿ ನಿಂತು, ಹಾರ್ನ್ ಹೊಡೆದು, ಬಂದಷ್ಟೇ ಖಾಲಿಯಾಗಿ ಹಿಂದಿರುಗುತ್ತಿತ್ತು.

ಊರಿನಿಂದ ರಸ್ತೆಗೆ ಬರಬೇಕಾದರೆ ಕೆರೆಯಂಗಳ ದಾಟಿ ಜಾಲಿಯ ಪೊದೆಗಳ ನಡುವೆ ನಡೆಯಬೇಕು. ಬೆಳಕು ಹರಿಯುವ ಮೊದಲೇ ಹೊರಡಬೇಕು. ವಯಸ್ಸಿಗೆ ಬಂದ ಹುಡುಗಿಯ ಜೊತೆ ಯಾರು ಹೋಗುವವರು? ಬಡತನವಾಗಲಿ ಓದಾಗಲಿ ತಡೆಯದ ಹುಡುಗಿಯರನ್ನು ಈ ಒಂದು ಪ್ರಶ್ನೆ ಮನೆಯಲ್ಲಿ ಕೂರಿಸಿಬಿಟ್ಟಿತ್ತು.

ಮುನಿಲಕ್ಷ್ಮಮ್ಮನಿಗೆ ಆ ಪ್ರಶ್ನೆ ಹೊಸದೇನಲ್ಲ. ಗಂಡ ಸತ್ತ ಹೊಸದರಲ್ಲಿ ಅವಳು ಪಾಲಕೋಡಿನ ಸಕ್ಕರೆ ಮಿಲ್ಲಿಗೆ ಕೂಲಿಗೆ ಹೋಗುತ್ತೇನೆಂದಿದ್ದಳು. ಭಾವ ಕೇಳಿದ್ದು ಇದನ್ನೇ. ಉತ್ತರ ಸಿಗದೆ ಅವಳು ಕುರಿಗಳ ಹಿಂದೆ ಹೋದಳು. ಮುಂದಿನ ಇಪ್ಪತ್ತು ವರ್ಷ ಆ ಕುರಿಗಳ ಹಿಂದೆಯೇ ಇದ್ದಳು. ಒಂದು ಬೆಳಿಗ್ಗೆ ರಸ್ತೆಯ ಬದಿಯಲ್ಲಿ ಮಂದೆ ತಡೆದು ನಿಂತಿದ್ದಾಗ, ಖಾಲಿ ಬಸ್ಸಿನಿಂದ ಇಳಿದ ಕಾರ್ಖಾನೆಯ ಆಫೀಸರ್ ಸುಬ್ಬರಾಯನ್, ಈ ಊರಿನ ಹುಡುಗಿಯರು ಯಾಕೆ ಬರುವುದಿಲ್ಲವೆಂದು ತಮಿಳಿನಲ್ಲಿ ವಿಚಾರಿಸಿದ. ಅವಳು ಕಾರಣ ಹೇಳಿದಳು. ಆತ ಅವಳ ಕುರಿಗಳ ಕಡೆ ನೋಡಿ, "ನೀವೇ ಜೊತೆಗೆ ಬಂದರೆ?" ಎಂದ.

ಮೇಲಿನವರೊಂದಿಗೆ ವಾದ ಮಾಡಿ ಅವನು ಅವಳಿಗೊಂದು ಕೆಲಸ ಹುಟ್ಟಿಸಿದ. ಬೆಳಿಗ್ಗೆ ಮನೆಮನೆಯಿಂದ ಹುಡುಗಿಯರನ್ನು ಕೂಡಿಸಿ ಬಸ್ಸಿಗೆ ಹತ್ತಿಸುವುದು, ಹಗಲೆಲ್ಲ ಕಾರ್ಖಾನೆಯಲ್ಲಿ ಕಸ ಗುಡಿಸುವುದು, ಸಂಜೆ ಮತ್ತೆ ಅವರನ್ನು ಮನೆ ಮುಟ್ಟಿಸುವುದು. ಬಸ್ಸಿನ ಆಯಮ್ಮ ಎಂದು ಅವಳಿಗೆ ಹೆಸರಾಯಿತು. ಕುರಿಗಳನ್ನು ಭಾವನ ಮಗನಿಗೆ ಒಪ್ಪಿಸಿದಳು.

ತಂದೆಯರು ಅಷ್ಟಕ್ಕೇ ಒಪ್ಪಲಿಲ್ಲ. ಆ ಕಡೆಯ ಒಕ್ಕಲು ಮನೆಗಳಲ್ಲಿ ಬಾಯಿಮಾತಿಗೆ ಬೆಲೆ ಕಡಿಮೆ. ಅಂಗೈ ಬೆಂದ ಮಾತಿಗೆ ಬೆಲೆ. ದೇವರ ಮುಂದೆ ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ, ಉರಿಯುವಾಗಲೇ ಅದನ್ನು ಅಂಗೈಯಿಂದ ಆರಿಸಿ ಆಡಿದ ಮಾತನ್ನು ಮುರಿದವರು ಊರಲ್ಲಿ ತಲೆಯೆತ್ತುವಂತಿಲ್ಲ. ಮುನಿಲಕ್ಷ್ಮಮ್ಮ ಒಬ್ಬೊಬ್ಬ ಹುಡುಗಿಗೂ ಒಂದೊಂದು ಸಲ ಮುನೇಶ್ವರನ ಕಲ್ಲಿನ ಮುಂದೆ ಕರ್ಪೂರ ಆರಿಸಿದಳು. ಮಾತು ಎಲ್ಲರಿಗೂ ಒಂದೇ: "ದೀಪ ಅಂಟ್ಸೋ ಒತ್ಗೆ ನಿನ್ ಮಗ್ಳು ನಿನ್ ಒಸ್ಲು ದಾಟಿ ಒಳಗಿರ್ತಾಳೆ."

ಮೊದಲು ಮಗಳನ್ನು ಕಳುಹಿಸಿದವನು ಅಣ್ಣಯ್ಯಪ್ಪ. ಅವನ ಮಗಳು ಭುವನಾ. ಆಗ ಅವಳಿಗೆ ಹದಿನೈದು ತುಂಬಿತ್ತು.

ವರ್ಷಗಳು ಕಳೆದಂತೆ ಬಸ್ಸು ತುಂಬಿತು. ಅದರ ಡ್ರೈವರ್ ಪೊನ್ನುಸ್ವಾಮಿ ಪಾಲಕೋಡಿನವನು. ತನ್ನ ತಮಿಳುಗನ್ನಡದಲ್ಲಿ ದಿನಾ ಬೆಳಿಗ್ಗೆ ಒಂದೇ ಹಾಸ್ಯ ಮಾಡುತ್ತಿದ್ದ.

"ಏನಮ್ಮಾ, ಕುರಿ ಎಲ್ಲಾ ಏರಿಡ್ಚಾ? ಎಣಿಸಿ ಆಯ್ತಾ?"

"ಏರವೆ ಕಣಪ್ಪ. ತ್ವಾಳ ಒಂದು ಮುಂದ್ಗಡೆ ಸೀಟಲ್ಲಿ ಕುಂತೈತೆ, ಅದ್ಕೇ ನಾನೂ ಏರ್ತಾ ಇವ್ನಿ."

ಹುಡುಗಿಯರು ನಗುತ್ತಿದ್ದರು. ಭುವನಾ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದಳು. ಅವಳ ಕೈ ಚುರುಕು, ಕಣ್ಣು ಇನ್ನೂ ಚುರುಕು. ಜೋಡಿಸಿದ ಸ್ವಿಚ್ಚನ್ನು ಕಿವಿಯ ಹತ್ತಿರ ಹಿಡಿದು ಒತ್ತಿ, ಸದ್ದಿನಲ್ಲೇ ಕೆಟ್ಟದ್ದನ್ನು ಬೇರೆ ಇಡುತ್ತಿದ್ದಳು. ಗುಡಿಸುತ್ತ ಆ ಮೇಜಿನ ಬಳಿ ಬಂದಾಗಲೆಲ್ಲ ಮುನಿಲಕ್ಷ್ಮಮ್ಮನ ಪೊರಕೆ ನಿಧಾನವಾಗುತ್ತಿತ್ತು. ಮಕ್ಕಳಿಲ್ಲದ ಅವಳು ಆ ಹುಡುಗಿಯನ್ನು ಎಷ್ಟು ಹಚ್ಚಿಕೊಂಡಿದ್ದಳೆಂಬುದನ್ನು ಯಾರಿಗೂ ಹೇಳಿರಲಿಲ್ಲ.

ತೊಂಬತ್ತಾರರ ಆಡಿ ತಿಂಗಳು ಕಳೆಯುವ ಹೊತ್ತಿಗೆ ಎರಡು ಸುದ್ದಿಗಳು ಒಟ್ಟಿಗೇ ಬಂದವು. ಭುವನಾಳನ್ನು ಟೆಸ್ಟಿಂಗ್ ವಿಭಾಗಕ್ಕೆ ಆರಿಸಿದ್ದರು. ಅಲ್ಲಿ ಸೇರಿದರೆ ಕೆಲಸ ಕಾಯಂ. ಆದರೆ ರಾತ್ರಿ ಪಾಳಿಯೂ ಇದ್ದುದರಿಂದ ಕಂಪೆನಿಯ ಹಾಸ್ಟೆಲಿನಲ್ಲೇ ಇರಬೇಕು. ಇತ್ತ ಅಣ್ಣಯ್ಯಪ್ಪ, ಮಗಳನ್ನು ಹೆಂಡತಿಯ ತಮ್ಮ ಮಾದೇಶನಿಗೆ ಕೊಡುವುದಾಗಿ ಮಾತು ಕೊಟ್ಟು ಬಂದಿದ್ದ. ಮಾದೇಶನ ಊರು ದೂರದ ಮೇಟೂರಿನ ಕಡೆ, ಕೊಳತ್ತೂರಿನ ಮೇಲಿನ ಪಾಲಮಲೆ ಬೆಟ್ಟದಲ್ಲಿ. ಬಸ್ಸು ಬೆಟ್ಟದ ಬುಡಕ್ಕೇ ನಿಲ್ಲುತ್ತದೆ. ಮಗಳು ಹಾಸ್ಟೆಲಿನ ಮಾತೆತ್ತಿದಾಗ ಅಣ್ಣಯ್ಯಪ್ಪ ಬೈಯಲಿಲ್ಲ. ಎದ್ದು ಹೊಲಕ್ಕೆ ಹೋದ.

ಸುಬ್ಬರಾಯನ್ ತನ್ನಿಂದ ಆಗುವಷ್ಟು ದಿನ ಆ ಜಾಗವನ್ನು ಖಾಲಿ ಇರಿಸಿದ. ಕೊನೆಗೆ ಒಂದು ಶುಕ್ರವಾರ ಭುವನಾಳನ್ನು ಕರೆದು, ಈ ಸಂಜೆ ಹಾಸ್ಟೆಲ್ ಸೇರಿದರೆ ಜಾಗ ಅವಳದು, ಇಲ್ಲವಾದರೆ ಬೇರೊಬ್ಬಳಿಗೆ ಹೋಗುತ್ತದೆ ಎಂದ. ಅವಳಿಗೆ ಹತ್ತೊಂಬತ್ತಾಗಿದೆ, ಯಾರೂ ಬಲವಂತ ಮಾಡುವಂತಿಲ್ಲ ಎಂದೂ ಹೇಳಿದ.

ಸಂಜೆ ಬಸ್ಸು ಗೇಟಿನ ಬಳಿ ನಿಂತಿತು. ಹುಡುಗಿಯರೆಲ್ಲ ಹತ್ತಿದರು. ಭುವನಾ ಬೇವಿನ ಮರದ ಕೆಳಗೆ ನಿಂತೇ ಇದ್ದಳು.

"ಅತ್ತೆ, ನೀನು ಓಗು. ನಾನು ಬರಲ್ಲ."

"ಅಂಗಂದ್ರೆ ಎಂಗವ್ವ? ನಿಮ್ಮಪ್ಪನ ಮುಂದೆ ಕರ್ಪೂರ ಆರ್ಸಿವ್ನಿ."

"ಆರ್ಸಿದ್ದು ನೀನು. ನಾನಲ್ಲ."

ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿಬಿಡಬೇಕೆಂದು ಮುನಿಲಕ್ಷ್ಮಮ್ಮ ಒಂದು ಹೆಜ್ಜೆ ಎತ್ತಿಟ್ಟದ್ದೂ ನಿಜ. ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಸಂಗೀತಾ ಎಂಬ ಚಿಕ್ಕ ಹುಡುಗಿ ಕೂಗಿದಳು. ಅವಳು ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ.

"ಬಾರಕ್ಕಾ! ನೀನು ಬರ್ಲಿಲ್ಲಾಂದ್ರೆ ನಾಳೆಯಿಂದ ನಮ್ನೂ ಯಾರೂ ಕಳ್ಸಲ್ಲಕ್ಕಾ!"

ಕಿಟಕಿಕಿಟಕಿಗೂ ಒಂದೊಂದು ಮುಖ. ಆ ಮುಖಗಳಲ್ಲಿ ಪ್ರತಿಯೊಂದಕ್ಕೂ ಊರಿನಲ್ಲಿ ಒಬ್ಬ ತಂದೆಯಿದ್ದ, ಅವನಿಗೆ ಕೊಟ್ಟ ಒಂದು ಮಾತಿತ್ತು. ಒಬ್ಬಳು ತಪ್ಪಿದರೆ ಎಲ್ಲ ಮಾತೂ ತಪ್ಪಿದಂತೆ. ಪೊನ್ನುಸ್ವಾಮಿ ಆ ಸಂಜೆ ಹಾರ್ನ್ ಹೊಡೆಯಲಿಲ್ಲ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ನೇರ ಮುಂದೆ ನೋಡುತ್ತಿದ್ದ.

ಮುನಿಲಕ್ಷ್ಮಮ್ಮ ಹೋಗಿ ಭುವನಾಳ ಕೈ ಹಿಡಿದಳು. "ಇವತ್ತೊಂದಿನ ಬಾರವ್ವ. ನಿಮ್ಮಪ್ಪನ್ನ ನಾನು ಕೇಳ್ತೀನಿ. ನಾನು ಕೇಳಿದ್ರೆ ಇಲ್ಲ ಅನ್ನಲ್ಲ."

ಎಳೆಯಬೇಕಾದೀತೆಂದು ಅವಳು ಬೆರಳುಗಳನ್ನು ಬಿಗಿಮಾಡಿದ್ದಳು. ಎಳೆಯುವ ಪ್ರಮೇಯವೇ ಬರಲಿಲ್ಲ. ಹುಡುಗಿ ಒಮ್ಮೆ ಬಸ್ಸಿನ ಕಡೆ ನೋಡಿ, ಸುಮ್ಮನೆ ಜೊತೆಗೆ ನಡೆದು ಬಂದಳು. ಮುಂದೆ ಎಷ್ಟೋ ದಿನ ಮುನಿಲಕ್ಷ್ಮಮ್ಮನನ್ನು ಸುಟ್ಟದ್ದು ಅದೇ. ಕೊಸರಿಕೊಂಡಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಅಣ್ಣಯ್ಯಪ್ಪ ಜಗುಲಿಯ ಮೇಲೆ ಕುಳಿತಿದ್ದ. ಮಗಳು ಒಳಗೆ ಹೋದ ಮೇಲೆ ಮುನಿಲಕ್ಷ್ಮಮ್ಮ ತಾನು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಕೆಲಸ ಕಾಯಂ ಆಗುತ್ತದೆ, ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳೇ ಇರುತ್ತಾರೆ, ಮದುವೆ ಒಂದೆರಡು ವರ್ಷ ತಡವಾದರೆ ಮಾದೇಶನೇನೂ ಓಡಿಹೋಗುವುದಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಕೇಳಿದ. ಅವಳ ಮೇಲೆ ಅವನಿಗೆ ಗೌರವವಿತ್ತು.

"ಯಕ್ಕಾ, ನಾಕು ವರ್ಷ ಆಯ್ತು. ಮಳೆ ಬರ್ಲಿ, ಬಸ್ಸು ಕೆಡ್ಲಿ, ನೀನು ಮಾತು ತಪ್ಲಿಲ್ಲ. ಊರಾಗೆ ಎಲ್ರೂ ಅದ್ನೇ ಅಂತಾರೆ."

"ಅದ್ಕೇ ಕೇಳ್ತಾ ಇವ್ನಿ ಕಣಪ್ಪ."

"ನೀನು ಕೊಟ್ಟ ಮಾತು ನೀನು ಉಳಿಸ್ಕೊಂಡೆ. ನಾನು ನನ್ ಬಾಮೈದಂಗೆ ಕೊಟ್ಟ ಮಾತು ನಾನು ಉಳಿಸ್ಕೋಬ್ಯಾಡ್ವಾ? ನೀನೇ ಏಳು."

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಅವಳಿಂದ ಉತ್ತರವನ್ನು ಬಯಸಿದಂತಿತ್ತು. ಅವಳು ತನ್ನ ಅಂಗೈ ನೋಡಿಕೊಂಡಳು. ಒಳಗೆ ದೀಪ ಹಚ್ಚಿದ್ದರು. ಭುವನಾ ಮುಖ ತೊಳೆಯುತ್ತಿದ್ದ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆಡಿಯ ಮರುತಿಂಗಳು ಆವಣಿಯಲ್ಲಿ ಮದುವೆಯಾಯಿತು. ಮದುವೆ ಕಳೆದ ಸೋಮವಾರ ಬಸ್ಸು ಎಂದಿನಂತೆ ಬಂತು. ಹುಡುಗಿಯರು ಎಂದಿನಂತೆ ಹತ್ತಿದರು. ಪೊನ್ನುಸ್ವಾಮಿ ಕುರಿಗಳ ಮಾತೆತ್ತಲಿಲ್ಲ. ಆಮೇಲೂ ಎಂದೂ ಎತ್ತಲಿಲ್ಲ.

ಎರಡು ವರ್ಷದ ಮೇಲೆ ಧರ್ಮಪುರಿಯ ಕಲ್ಯಾಣ ಮಂಟಪವೊಂದರಲ್ಲಿ ಸುತ್ತಿನ ಕಾರ್ಖಾನೆಗಳವರೆಲ್ಲ ಸೇರಿ ಒಂದು ಸಮಾರಂಭ ನಡೆಸಿದರು. ಕೆಲಸಕ್ಕೆ ಬರಲಾಗದವರನ್ನು ಕೆಲಸಕ್ಕೆ ತಂದವರಿಗೆ ಸನ್ಮಾನ. ಕಾಲಿಲ್ಲದವರಿಗೆ ಹೊಲಿಗೆ ಕಲಿಸಿದ ಒಬ್ಬ ಟೈಲರ್, ಸಂಜೆ ಶಾಲೆ ನಡೆಸಿದ ಒಬ್ಬ ಮೇಷ್ಟ್ರು, ಇವರ ಜೊತೆಗೆ ಮುನಿಲಕ್ಷ್ಮಮ್ಮ. ಅವಳ ಹೆಸರು ಕೊಟ್ಟವನು ಸುಬ್ಬರಾಯನ್. ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸಿದರು. ಅವಳಿಂದಾಗಿ ಎಷ್ಟು ಮನೆಗಳಲ್ಲಿ ಒಲೆ ಉರಿಯಿತು, ಎಷ್ಟು ತಮ್ಮಂದಿರು ಓದಿದರು ಎಂದು ಭಾಷಣ ಮಾಡಿದರು. ಅದೆಲ್ಲ ಸುಳ್ಳಲ್ಲ. ಕೊನೆಗೆ ಅಧ್ಯಕ್ಷರು ತಮಿಳಿನಲ್ಲಿ ಹೇಳಿದರು: ಇಷ್ಟು ವರ್ಷಗಳಲ್ಲಿ ಈ ತಾಯಿ ಒಂದು ದಿನವೂ, ಒಬ್ಬಳೇ ಒಬ್ಬ ಹುಡುಗಿಯನ್ನೂ ಬಿಟ್ಟು ಬಂದವರಲ್ಲ.

ಮಂಟಪದ ತುಂಬ ಚಪ್ಪಾಳೆ. ಅವಳ ಹುಡುಗಿಯರೇ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. ಮೈಕನ್ನು ಅವಳ ಬಾಯಿಯ ಹತ್ತಿರ ತಂದರು. ತಮಿಳು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಬಾಯಿಗೆ ಬಂದದ್ದು ಮನೆಯ ಮಾತು.

"ಒಬ್ಳನ್ನ ಬಿಟ್ಟು ಬರ್ಬೇಕಾಗಿತ್ತು."

ಅಷ್ಟೇ. ಕನ್ನಡ ತಿಳಿಯದೆ ಕಾದು ನಿಂತವರು ಸುಬ್ಬರಾಯನ್‌ನ ಕಡೆ ನೋಡಿದರು. ಅವಳೊಂದಿಗೆ ಆರು ವರ್ಷ ಒಡನಾಡಿದ ಅವನಿಗೆ ಆ ಮಾತು ಪೂರ್ತಿ ಅರ್ಥವಾಗಿತ್ತು. ಅವನು ಕನ್ನಡಕ ತೆಗೆದು ಒರೆಸುತ್ತ, ಎಲ್ಲರಿಗೂ ವಂದನೆ ಹೇಳುತ್ತಿದ್ದಾರೆ ಎಂದ.

ಮುಂದಿನ ಭಾನುವಾರ ಮುನಿಲಕ್ಷ್ಮಮ್ಮ ಮೇಟೂರಿನ ಬಸ್ಸು ಹಿಡಿದಳು. ಕೊಳತ್ತೂರಿನಿಂದ ಆಚೆಗೆ ನಡಿಗೆ. ಪಾಲಮಲೆಯ ಕಲ್ಲುದಾರಿ ಅವಳ ವಯಸ್ಸಿಗೆ ಸುಲಭವಾಗಿರಲಿಲ್ಲ. ಭುವನಾ ಅವರೆಯ ಹೊಲದಲ್ಲಿದ್ದಳು, ಸೊಂಟದಲ್ಲಿ ಮಗು. ದೂರದಿಂದಲೇ ಗುರುತು ಹಿಡಿದು ಓಡಿಬಂದಳು. ಮಾದೇಶ ಒಳ್ಳೆಯವನು, ಬಂದವರಿಗೆ ಕಂಬಳಿ ಹಾಸಿ, ತಾನೇ ನೀರು ತಂದುಕೊಟ್ಟು ಹೊರಗೆ ಹೋದ.

ಭುವನಾ ಕಾರ್ಖಾನೆಯ ಮಾತು ಬಿಟ್ಟು ಬೇರೇನನ್ನೂ ಕೇಳಲಿಲ್ಲ. ಹೊಸ ಮಿಷನ್ ಬಂತಾ? ಕ್ಯಾಂಟೀನಿನವನು ಈಗಲೂ ಸಾಂಬಾರಿಗೆ ನೀರು ಹೊಯ್ಯುತ್ತಾನಾ?

"ನನ್ ಸೀಟಲ್ಲಿ ಯಾರವ್ರೆ ಅತ್ತೆ?"

"ಸಂಗೀತಾ ಅವ್ಳೆ."

"ಟೆಸ್ಟಿಂಗಲ್ಲಿ?"

"ಯಾವುದೋ ತಿರುಪತ್ತೂರು ಉಡ್ಗಿ."

"ಚೆಂದಾಗಿ ಮಾಡ್ತಾಳಾ?"

ಮುನಿಲಕ್ಷ್ಮಮ್ಮ ತಡೆಯಲಾರದೆ ಹೇಳಿದಳು. "ನನ್ ಬೈದ್ಬಿಡು ಕಣೆ. ಒಂದ್ಸಲ ಬೈದ್ಬಿಡು."

"ಬೈಯಾಕೆ ಏನೈತೆ?" ಭುವನಾ ಮಗುವಿನ ಬಾಯಿ ಒರೆಸಿದಳು. "ನೀನು ಇಲ್ದೆ ಓಗಿದ್ರೆ ಆ ಬಸ್ಸಾದ್ರೂ ಎಂಗೈತೆ ಅಂತ ನಾನು ನೋಡ್ತಿದ್ನಾ? ಆ ನಾಕು ವರ್ಷ ನಂದೇ."

ಊಟವಾಯಿತು. ದಾರಿ ಇಳಿಯತೊಡಗುವ ಜಾಗದವರೆಗೆ ಭುವನಾ ಜೊತೆಗೆ ಬಂದಳು. ಅಲ್ಲಿ ನಿಂತು, ಬೇರೆಲ್ಲೋ ನೋಡುತ್ತ, ಮೆಲ್ಲಗೆ ಹೇಳಿದಳು.

"ಅತ್ತೆ, ಇನ್ ಮ್ಯಾಲೆ ಬರ್ಬ್ಯಾಡ."

"ಕ್ವಾಪಾನಾ?"

"ಕ್ವಾಪ ಇಲ್ಲ. ನಿನ್ ನೋಡಿದ್ರೆ ಎಲ್ಲಾ ವಾಪಸ್ ಬತ್ತೈತೆ. ನೀನು ಇಳ್ದು ಓಯ್ತೀಯ. ಆಮ್ಯಾಲೆ ನಂಗೆ ಈ ಒಲ್ದಾಗೆ ಕೈ ಓಡಲ್ಲ. ನಾನು ಇಲ್ಲೇ ಅಲ್ವಾ ಇರ್ಬೇಕು?"

ಮುನಿಲಕ್ಷ್ಮಮ್ಮ ಮಗುವಿನ ತಲೆ ಸವರಿದಳು.

"ಆಯ್ತು ಕಣವ್ವ. ಬರಲ್ಲ."

ಕಾರ್ಖಾನೆ ಅವಳನ್ನು ವಯಸ್ಸಾಯಿತೆಂದು ನಿಲ್ಲಿಸುವವರೆಗೂ ಅವಳು ಹುಡುಗಿಯರನ್ನು ಬಸ್ಸಿಗೆ ಹತ್ತಿಸಿದಳು, ಇಳಿಸಿದಳು. ಪಾಲಮಲೆಯನ್ನು ಮಾತ್ರ ಮತ್ತೆ ಹತ್ತಲಿಲ್ಲ.