ಚಿನ್ನದ ಕಾರ್ಡಿನ ತಕ್ಕಡಿ ಸಾಹೇಬರು

೨೦೧೮ನೆಯ ಇಸವಿ ಏಪ್ರಿಲ್ ೨೧, ಶನಿವಾರ. ನಡುಬೇಸಿಗೆ, ಗಾಳಿಯೆಂಬುದೇ ಸತ್ತುಹೋಗಿ, ವಿಮಾನ ನಿಲ್ದಾಣದ ಎದುರಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಥ ಸೆಕೆಯಲ್ಲೂ ತಕ್ಕಡಿ ಸಾಹೇಬರು ಕರಿಕೋಟು ತೊಟ್ಟು, ಹೆಂಡತಿಯೊಡನೆ ಸರದಿಯಲ್ಲಿ ನಿಂತಿದ್ದರು. ಕೋಟು ಹಾಕಿದವರಿಗೇ ಮುಂದಿನ ದೊಡ್ಡ ಆಸನ ಸಿಗುತ್ತದೆಂಬುದು ಅವರ ದೃಢವಾದ ನಂಬಿಕೆ.

ಕಾರ್ಖಾನೆಗಳ ತೂಕದ ಯಂತ್ರಗಳನ್ನು ಸರಿಪಡಿಸುವುದು ಅವರ ಕಸುಬು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಊರೂರಿಗೆ ಹಾರಿ ಹಾರಿ ೨೦೦೯ರಲ್ಲಿ ವಿಮಾನ ಕಂಪನಿಯ ಚಿನ್ನದ ಕಾರ್ಡು ಸಂಪಾದಿಸಿದ್ದರು. ಮುಂದಿನ ವಿಭಾಗದಲ್ಲಿ ಜಾಗ ಉಳಿದರೆ ಅಂಥ ಕಾರ್ಡಿನವರನ್ನು ಪುಕ್ಕಟೆಯಾಗಿ ಅಲ್ಲಿಗೆ ಕರೆಯುವ ಪದ್ಧತಿಯುಂಟು. ಆದರೆ ಹಣ ಕೊಟ್ಟವರು ಕುಳಿತು, ಪ್ಲಾಟಿನಂ ಕಾರ್ಡಿನವರು ತುಂಬಿ, ಚಿನ್ನದವರ ಪಾಳಿ ಬರುವಷ್ಟರಲ್ಲಿ ಅಲ್ಲಿ ಸೊಳ್ಳೆಗೂ ಜಾಗವಿರುತ್ತಿರಲಿಲ್ಲ. ಸಾಹೇಬರು ಒಂದು ಸಲವೂ ಆ ವಿಭಾಗವನ್ನು ಮರೆಮಾಡುವ ಪರದೆಯ ಆಚೆ ಕುಳಿತವರಲ್ಲ.

ಮನೆಯಲ್ಲಿ ಮಾತ್ರ ಸಂಗತಿ ಬೇರೆ. ಭಾವನನ್ನು ಮುಂದೆ ಕೂರಿಸುತ್ತಾರೋ ಹಿಂದೆ ತುರುಕುತ್ತಾರೋ ಎಂದು ನಾದಿನಿ ಒಮ್ಮೆ ಕೆಣಕಿದ್ದಳು. ಅಂದಿನಿಂದ ಆ ವಿಮಾನದ ಬಗ್ಗೆ ಸಾಹೇಬರು ಬಿಟ್ಟ ರೈಲುಗಳಿಗೆ ಲೆಕ್ಕವಿಲ್ಲ. ಮುಂದೆ ಕುಳಿತವರ ಕಾಲಿಗೆ ಬಿಸಿನೀರು ತರುತ್ತಾರಂತೆ. ಊಟವಾದ ಮೇಲೆ ಪೈಲಟ್ಟೇ ಎದ್ದು ಬಂದು ಕ್ಷೇಮ ವಿಚಾರಿಸುತ್ತಾನಂತೆ.

ಕೌಂಟರಿನ ಹುಡುಗಿ ಕಾರ್ಡು ನೋಡಿ, ಶನಿವಾರ ಕಚೇರಿ ಕೆಲಸದ ಪ್ರಯಾಣಿಕರು ಕಡಿಮೆಯಾದ್ದರಿಂದ ಮುಂದೆ ಒಂದು ಆಸನ ಉಳಿದಿದೆ, ಅದು ಯಾರಿಗೆಂದು ಕೇಳಿದಳು. ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮುಂದೆ ಬಂದರು.

"ನನಗೇ ಕೊಡಮ್ಮ. ಇವರಿಗೆ ಅಲ್ಲಿ ಕೂತೂ ಕೂತೂ ಸಾಕಾಗಿದೆ."

ಬೇಡವೆಂದರೆ ಒಂಬತ್ತು ವರ್ಷದ ಬಡಾಯಿ ಕೌಂಟರಿನಲ್ಲೇ ಬಯಲಾಗುತ್ತಿತ್ತು. ಹೂಂ ಎಂದರೆ ಆಕಾಶದಲ್ಲಿ. ಸಾಹೇಬರು ಆಕಾಶವನ್ನೇ ಆರಿಸಿಕೊಂಡರು.

ಹಿಂದಿನ ಸಾಲಿನಲ್ಲಿ, ಇಬ್ಬರು ಧಡೂತಿ ಆಸಾಮಿಗಳ ನಡುವೆ ಕೋಟುಸಮೇತ ಸಿಕ್ಕಿಕೊಂಡು, ಅವರು ಪರದೆಯ ಮೇಲೇ ಕಣ್ಣು ನೆಟ್ಟಿದ್ದರು. ಊಟ ಮುಗಿಯುವ ಹೊತ್ತಿಗೆ ಪರದೆ ಸರಿಯಿತು. ಗಗನಸಖಿ ನೇರವಾಗಿ ಅವರ ಬಳಿಗೇ ಬಂದಳು.

"ಸರ್, ಪೈಲಟ್ ಯಾವಾಗ ಬರ್ತಾರೆ ಅಂತ ನಿಮ್ಮ ಮನೆಯವರು ಕೇಳ್ತಿದ್ದಾರೆ. ನಮಗೆ ಗೊತ್ತಿಲ್ಲ ಅಂದ್ರೆ, ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು."

"ಇವತ್ತು ಅವರಿಗೆ ಕೆಲಸ ಜಾಸ್ತಿ ಅಂತ ಹೇಳಮ್ಮ," ಎಂದರು ಸಾಹೇಬರು.

ಪಕ್ಕದ ಆಸಾಮಿ ಕಿಟಕಿಯ ಕಡೆ ತಿರುಗಿ ಭುಜ ಕುಲುಕಿಸುತ್ತ ನಕ್ಕ.

ವಿಮಾನ ಇಳಿದು ಹೊರಬಂದರೆ ನಾದಿನಿ ಕಾದು ನಿಂತಿದ್ದಳು. "ಏನಕ್ಕಾ, ಎಲ್ಲಾ ಭಾವ ಹೇಳಿದ ಹಾಗೇ ಇತ್ತಾ?"

ಸಾಹೇಬರು ಬಗ್ಗಿ ಪೆಟ್ಟಿಗೆಯ ಗಾಲಿಯನ್ನು ಪರೀಕ್ಷಿಸತೊಡಗಿದರು. ಹೆಂಡತಿ ಅವರ ಬೆವೆತ ಕತ್ತನ್ನು ಒಂದು ಗಳಿಗೆ ನೋಡಿದರು.

"ಅವರು ಹೇಳಿದ್ದು ಕಮ್ಮಿನೇ ಆಯ್ತು ಕಣೇ. ಪೈಲಟ್ ನನ್ನ ಪಕ್ಕದಲ್ಲೇ ಕೂತು ಹಣ್ಣು ಹೆಚ್ಚಿಕೊಟ್ಟ."

"ಹಾಗಾದ್ರೆ ವಿಮಾನ ಯಾರು ಓಡಿಸ್ತಿದ್ರು?"

"ಅದನ್ನ ನಿನ್ನ ಭಾವನ್ನ ಕೇಳು. ಅವರಿಗೆ ಎಲ್ಲಾ ಗೊತ್ತು."

೨೦೧೯ರ ಮಾರ್ಚ್ ೩೧ಕ್ಕೆ ಚಿನ್ನದ ಕಾರ್ಡಿನ ಅವಧಿ ಮುಗಿದು ಬೆಳ್ಳಿಯದು ಬಂತು. ೨೦೨೧ರ ಜೂನ್ ೩೦ರಂದು ಸಾಹೇಬರು ನಿವೃತ್ತರಾದರು. ಮುಂದಿನ ಆಸನದಲ್ಲಿ ಅವರು ಕಡೆಗೂ ಕೂರಲಿಲ್ಲ. ಬಂಧುಗಳ ನಡುವೆ ಆ ಆಸನದ ವರ್ಣನೆಯನ್ನು ಈಗ ಅವರ ಹೆಂಡತಿ ಮಾಡುತ್ತಾರೆ. ಸಾಹೇಬರು ಪಕ್ಕದಲ್ಲಿ ಕುಳಿತು ಹೌದೆನ್ನುತ್ತಾರೆ.